ಮೃತ್ಯುಪತ್ರಕ್ಕೆ ಕೋರ್ಟು ಬೇಡವಾಯಿತು, ಲೆಕ್ಕ ಕೇಳುವವರಾರು?

ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೆಯ ಕಲಮನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಅಕ್ಕಲಕೋಟದ ಬಾಜಾರಿನಲ್ಲಿ ಅಂದಿನಿಂದ ಒಂದೇ ಮಾತು: "ಇನ್ನ ಮೃತ್ಯುಪತ್ರಕ್ಕ ಕೋರ್ಟ್ ಬ್ಯಾಡಂತ್ರಿ, ಕಾಗದ ತೋರಿಸಿದ್ರ ಮುಗೀತು." ಇದರಲ್ಲಿ ಅರ್ಧ ಮಾತ್ರ ನಿಜ.

ಆ ಕಲಮು ಮುಖ್ಯವಾಗಿ ಮುಂಬೈ, ಮದ್ರಾಸ್, ಕಲ್ಕತ್ತಾ ನಗರಗಳಿಗೆ ಸಂಬಂಧಿಸಿದ್ದು. ಅಲ್ಲಿ ಬರೆದ, ಇಲ್ಲವೆ ಅಲ್ಲಿನ ಸ್ಥಿರಾಸ್ತಿ ಕುರಿತ ಹಿಂದೂಗಳ ಮೃತ್ಯುಪತ್ರಕ್ಕೆ ಪ್ರೊಬೇಟ್ ಆಗದೆ ಕೋರ್ಟಿನಲ್ಲಿ ಹಕ್ಕು ಸಾಧಿಸುವಂತಿರಲಿಲ್ಲ. ನಮ್ಮೂರಲ್ಲೇ ಬರೆದ, ನಮ್ಮ ಹೊಲಮನೆಯ ಮೃತ್ಯುಪತ್ರಕ್ಕೆ ಈ ಕಟ್ಟು ಮೊದಲೂ ಇರಲಿಲ್ಲ. ಮುಂಬೈಯಲ್ಲಿ ಖೋಲಿ, ಅಂಗಡಿ ಮಾಡಿಕೊಂಡ ನಮ್ಮವರಿಗೆ ಮಾತ್ರ ಈಗ ಹಗುರಾಗಿದೆ.

ನನ್ನ ಚಿಂತೆ ಬೇರೆ. ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ಆರು ತಿಂಗಳೊಳಗೆ ಆಸ್ತಿ-ಸಾಲದ ಪಟ್ಟಿಯನ್ನು, ಒಂದು ವರ್ಷದೊಳಗೆ ಜಮಾ-ಖರ್ಚಿನ ಲೆಕ್ಕವನ್ನು ಕೋರ್ಟಿಗೆ ಒಪ್ಪಿಸಬೇಕು. ಸುಳ್ಳು ಲೆಕ್ಕ ಕೊಟ್ಟರೆ ಶಿಕ್ಷೆಯುಂಟು. ಪ್ರೊಬೇಟೇ ಇಲ್ಲವೆಂದರೆ ಈ ಗಡುವೂ ಇಲ್ಲ. ಹೊಣೆ ಹೋಗುವುದಿಲ್ಲ ನಿಜ. ಆದರೆ ಲೆಕ್ಕ ಬೇಕಾದವರು, ಹೆಚ್ಚಾಗಿ ವಿಧವೆ ಇಲ್ಲವೆ ಕೊಟ್ಟ ಮನೆಯಲ್ಲಿರುವ ಮಗಳು, ತಾವೇ ದಾವೆ ಹೂಡಬೇಕು.

ಈ ಮಾತನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಸೋದರಮಾವ 2021ರಲ್ಲಿ ತೀರಿಕೊಂಡರು. ಅಕ್ಕಲಕೋಟ ತಾಲೂಕಿನಲ್ಲಿ ಒಂಬತ್ತು ಎಕರೆ, ಗಡಿಯಾಚೆ ಆಳಂದ ತಾಲೂಕಿನಲ್ಲಿ ಆರು ಎಕರೆ, ಬ್ಯಾಂಕಿನಲ್ಲಿ ಒಂದಿಷ್ಟು ರೊಕ್ಕ. ಹೊಲ ಅತ್ತೆಗೂ ಮಗಳಿಗೂ, ರೊಕ್ಕದಲ್ಲಿ ಎರಡು ಲಕ್ಷ ಇನ್ನೊಬ್ಬ ಸೋದರಳಿಯನಿಗೆ ಎಂದು ಬರೆದು, ಎಕ್ಸಿಕ್ಯೂಟರ್ ಎಂದು ನನ್ನ ಹೆಸರು ಹಾಕಿದ್ದರು. "ನೀ ಓದಿದಾಂವ, ನೀನ ನೋಡ್ಕೊಳ್ಳಪಾ" ಎಂದು ಹಿಂದೆಯೇ ಹೇಳಿದ್ದರು. ನಾನೂ ಹೂಂ ಅಂದಿದ್ದೆ.

ದಿನಕರ್ಮ ಮುಗಿದು ತಿಂಗಳಾಗಿರಲಿಲ್ಲ, ಸೋದರಳಿಯ ಬಾಗಿಲಿಗೆ ಬಂದ. "ಅಣ್ಣಾ, ಗಾಡಿ ತಗೋಬೇಕು, ನನ್ನ ಪಾಲು ಕೊಟ್ಟಬಿಡು." ಕೊಟ್ಟುಬಿಟ್ಟೆ. ಮುಂದೆ ಮೂರು ತಿಂಗಳಿಗೆ ಸೊಲ್ಲಾಪುರದ ಒಂದು ದಲಾಲಿ ಅಂಗಡಿಯವರು ಖಾತೆಪುಸ್ತಕ ಹಿಡಿದು ಬಂದರು. ಬೀಜ, ಗೊಬ್ಬರಕ್ಕೆಂದು ಮಾವ ಎತ್ತಿದ ಉದ್ರಿ 1,40,000 ರೂಪಾಯಿ, ಪ್ರತಿ ಪುಟಕ್ಕೂ ಅವರದೇ ಸಹಿ. ಬ್ಯಾಂಕಿನಲ್ಲಿ ಉಳಿದದ್ದು ಅಂತ್ಯಕ್ರಿಯೆ, ಆಸ್ಪತ್ರೆಯ ಬಿಲ್ಲಿಗೆ ಹೋಗಿತ್ತು.

ವಕೀಲರು ಕಾಯ್ದೆ ತೆರೆದು ತೋರಿಸಿದಾಗ ನನಗೆ ನಾಚಿಕೆಯಾಯಿತು. ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಕೋರ್ಟಿನ ಖರ್ಚು, ನಂತರ ಸಾವಿನ ಹಿಂದಿನ ಮೂರು ತಿಂಗಳ ಆಳು-ಕೂಲಿ ಬಾಕಿ, ಬಳಿಕ ಉಳಿದ ಸಾಲ. ಇವೆಲ್ಲ ತೀರಿದ ಮೇಲೆ ಮೃತ್ಯುಪತ್ರದ ಪಾಲು. ಅದೂ ಸತ್ತ ದಿನದಿಂದ ಒಂದು ವರ್ಷದವರೆಗೆ ಕೊಡಲೇಬೇಕೆಂಬ ಬಲವಂತವಿಲ್ಲ. ವರ್ಷವಿಡೀ ಕಾಯುವ ಹಕ್ಕಿದ್ದವನು ನಾನು, ತಿಂಗಳಲ್ಲೇ ಕೊಟ್ಟು ಕೂತಿದ್ದೆ! ಆಸ್ತಿಯನ್ನು ತಪ್ಪು ದಾರಿಗೆ ಹಚ್ಚಿ ನಷ್ಟ ಮಾಡಿದರೆ, ಬರಬೇಕಾದ ಬಾಕಿಯನ್ನು ವಸೂಲು ಮಾಡದೆ ಬಿಟ್ಟರೆ, ಎಕ್ಸಿಕ್ಯೂಟರ್ ಸ್ವಂತ ಕೈಯಿಂದ ತುಂಬಿಕೊಡಬೇಕು. ಅಂಗಡಿಯವರು ಸೋದರಳಿಯನಿಂದಲೂ ವಸೂಲು ಮಾಡಬಹುದಿತ್ತು, ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಗಾಡಿ ಆಗಲೇ ಕೊಂಡಾಗಿತ್ತು. ಅತ್ತೆಯ ಹೊಲ ಮಾರಿಸುವ ಮನಸ್ಸು ನನಗಾಗಲಿಲ್ಲ. ಎರಡು ಸುಗ್ಗಿಯ ತೊಗರಿ ಮಾರಿ ನಾನೇ ಕಟ್ಟಿದೆ.

ಇಲ್ಲಿಗೆ ಮುಗಿಯಲಿಲ್ಲ. ಅಕ್ಕಲಕೋಟದ ಹೊಲಕ್ಕೆ ಸಾತಬಾರಾ ಉತಾರದಲ್ಲಿ ಹೆಸರು ಏರಿತು. ಆಳಂದದಲ್ಲಿ ಪಹಣಿಗೆ ಅರ್ಜಿ ಹಾಕಿದರೆ ಮಾವನ ದಾಯಾದಿಯೊಬ್ಬ ತಕರಾರು ತೆಗೆದ. ಉತಾರವಾಗಲಿ ಪಹಣಿಯಾಗಲಿ ಕಂದಾಯದ ದಾಖಲೆ, ಮಾಲೀಕತ್ವದ ತೀರ್ಪಲ್ಲ. ಮೃತ್ಯುಪತ್ರ ಸಾಚಾ ಎಂಬುದನ್ನು ಕೋರ್ಟಿನಲ್ಲೇ, ಸಾಕ್ಷಿ ಹಾಕಿದವರನ್ನು ಕರೆಸಿ ತೋರಿಸಬೇಕು. ನಮ್ಮ ಪುಣ್ಯಕ್ಕೆ ಇಬ್ಬರಲ್ಲಿ ಒಬ್ಬ ಸಾಕ್ಷಿ ಬದುಕಿದ್ದರು.

ಗಡಿಯವರಿಗೆ ಇಲ್ಲೇ ಒಂದು ಗಂಟು. ಜಿಲ್ಲಾ ನ್ಯಾಯಾಧೀಶರು ಕೊಟ್ಟ ಪ್ರೊಬೇಟ್ ಸಾಮಾನ್ಯವಾಗಿ ಆ ರಾಜ್ಯದ ಮಟ್ಟಿಗೆ ಸಲ್ಲುತ್ತದೆ. ಹೊರರಾಜ್ಯದ ಆಸ್ತಿ ಹತ್ತು ಸಾವಿರ ರೂಪಾಯಿ ಮೀರದಿದ್ದರೆ ಮಾತ್ರ ಅದು ಆಚೆಗೂ ನಡೆಯುತ್ತದೆ. ಹತ್ತು ಸಾವಿರಕ್ಕೆ ಇಂದು ಯಾವ ಹೊಲದ ಬದು ಸಿಕ್ಕೀತು? ಹೈಕೋರ್ಟಿನ ಪ್ರೊಬೇಟಾದರೆ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. 213ನ್ನು ತೆಗೆಯುವವರು ಈ ಹತ್ತು ಸಾವಿರದ ಅಂಕಿಯನ್ನೂ ತಿದ್ದಬೇಕಿತ್ತೆಂಬುದು ನನ್ನ ಅಭಿಪ್ರಾಯ. ಮುಂಬೈಯವರ ತೊಡಕು ದಿಲ್ಲಿಗೆ ಕೇಳಿಸಿತು, ನಮ್ಮದು ಕೇಳಿಸಲಿಲ್ಲ.

ಎಕ್ಸಿಕ್ಯೂಟರನೇ ಆ ಹೊಲವನ್ನು ಕೊಂಡರೆ, ಬೇರೆಯವರ ಹೆಸರಲ್ಲಿ ಕೊಂಡರೂ, ಹಕ್ಕುದಾರರು ಆ ಖರೀದಿಯನ್ನು ರದ್ದು ಮಾಡಿಸಬಹುದು. ಅವನನ್ನು ತೆಗೆದು ಬೇರೆಯವರನ್ನು ನೇಮಿಸುವ ಅಧಿಕಾರ ಹೈಕೋರ್ಟಿಗಿದೆ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳಿಗೆ 2025ರ ಆಗಸ್ಟಿನಿಂದ ಕೊಲ್ಹಾಪುರದಲ್ಲೇ ಹೈಕೋರ್ಟ್ ಪೀಠ ಕೂಡುತ್ತಿದೆ, ಅಷ್ಟು ಅನುಕೂಲ.

ಮೃತ್ಯುಪತ್ರದಲ್ಲಿ ಹೆಸರು ಬಂದ ಮಾತ್ರಕ್ಕೆ ಒಪ್ಪಲೇಬೇಕೆಂದೇನಿಲ್ಲ, ಒಲ್ಲೆ ಎನ್ನಬಹುದು. ಆದರೆ ಸತ್ತವರ ಪೆಟ್ಟಿಗೆಯ ಕೀಲಿ ತೆಗೆದ ಮೇಲೆ ಒಲ್ಲೆ ಎಂದರೆ ನಡೆಯುವುದಿಲ್ಲ. ಹೋದ ತಿಂಗಳು ಜತ್ತದ ನಮ್ಮ ಬೀಗರು ಇದೇ ಕೆಲಸಕ್ಕೆ ನನ್ನ ಹೆಸರು ಬರೆಸುತ್ತೇನೆಂದರು. "ಬೀಗರ, ಮೊದಲ ನಿಮ್ಮ ಉದ್ರಿ ಪುಸ್ತಕ ತೋರಸ್ರಿ" ಅಂದೆ. ಇನ್ನೂ ತೋರಿಸಿಲ್ಲ.