ಮಂತ್ರಿಗೆ ಪೆಗಾಸಸ್, ರೈತನಿಗೆ ಎಪಿಕೆ

2021ರ ಜುಲೈನಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಸುದ್ದಿ ಸ್ಫೋಟಿಸಿದಾಗ ಕರ್ನಾಟಕದ ಹೆಸರೂ ಅದರಲ್ಲಿತ್ತು. 2019ರಲ್ಲಿ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಹೊತ್ತಿನಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ನಂಬರು ಹಾಗೂ ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವೆಂದು ವರದಿಯಾಯಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿತ್ತು ಎಂದಲ್ಲ. ಸುಪ್ರೀಂ ಕೋರ್ಟಿನ ಸಮಿತಿ 29 ಫೋನುಗಳನ್ನು ಪರೀಕ್ಷಿಸಿತು. 5ರಲ್ಲಿ ಕುತಂತ್ರಾಂಶ ಸಿಕ್ಕರೂ ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ.

ಭಾಲ್ಕಿ ತಾಲ್ಲೂಕಿನ ಸಾಯಗಾಂವದಂಥ ಊರಿಗೆ ಅಷ್ಟು ದುಬಾರಿ ಬೇಹುಗಾರ ಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಮದುವೆ ಕರೆಯೋಲೆ’ ಅಥವಾ ‘ಪಿಎಂ ಕಿಸಾನ್’ ಹೆಸರಿನ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲು ಸಾಕು. ಅದನ್ನು ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಸೀದಾ ಕಳ್ಳನ ಕೈಗೆ.

ಕಂಪ್ಯೂಟರಿನ ಅಪಾಯ ಇನ್ನೂ ದೊಡ್ಡದು. ಆಧಾರ್, ಪಹಣಿ, ಪಾಸ್‌ಬುಕ್ಕು ಅಂತ ಊರಿನ ಕಾಗದಪತ್ರವೆಲ್ಲ ಗ್ರಾಮ ಒನ್ ಕೇಂದ್ರದ ಇಲ್ಲವೇ ಝೆರಾಕ್ಸ್ ಅಂಗಡಿಯ ಯಂತ್ರದ ಮೂಲಕವೇ ಹಾದುಹೋಗುತ್ತದೆ. ಅದರೊಳಗೆ ಕೀಲಾಗರ್ ಸೇರಿಕೊಂಡರೆ ಒತ್ತಿದ ಪ್ರತಿ ಅಕ್ಷರವೂ, ಪಾಸ್‌ವರ್ಡ್ ಸಮೇತ, ಬೇರೆಲ್ಲೋ ದಾಖಲಾಗುತ್ತದೆ. ಪುಕ್ಕಟೆ ಸಿಗುವ ‘ಕ್ರ್ಯಾಕ್’ (ನಕಲಿ ಲೈಸೆನ್ಸಿನ) ಸಾಫ್ಟ್‌ವೇರ್ ಕೀಲಾಗರ್ ನುಸುಳುವ ಮಾಮೂಲಿ ದಾರಿ.

ಅಂಗಡಿಯವನನ್ನಷ್ಟೇ ಬೈದು ಪ್ರಯೋಜನವಿಲ್ಲ. ಅಸಲಿ ಲೈಸೆನ್ಸಿನ ಬೆಲೆ ಅವನ ಸಂಪಾದನೆಗೆ ಭಾರ. ಅವನ ಯಂತ್ರದಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸರ್ಕಾರಿ ಸೇವೆ ಕೊಡುವ ಯಂತ್ರಗಳನ್ನು ಜಿಲ್ಲಾಡಳಿತವೇ ಆಗಾಗ ತಪಾಸಣೆ ಮಾಡಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಕುತಂತ್ರಾಂಶ ತೆಗೆದು ಶುಚಿಗೊಳಿಸುವ ಸಾಧನಗಳನ್ನು ಉಚಿತವಾಗಿಯೇ ಕೊಡುತ್ತದೆ. ದುಡ್ಡು ಹೋದ ತಕ್ಷಣ ಕರೆ ಮಾಡಬೇಕಾದ 1930 ನಂಬರನ್ನು ಪ್ರತಿ ಕೇಂದ್ರದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲು ಹೆಚ್ಚು ಖರ್ಚೇನೂ ಆಗದು.