ಮನೆಗೆ ಸಕ್ರಮ ಉಂಟು, ಮನುಷ್ಯನಿಗೆ?

ಕರ್ನಾಟಕದಲ್ಲಿ ‘ಅಕ್ರಮ’ ಎಂಬ ಮಾತಿನ ಬೆನ್ನಿಗೇ ‘ಸಕ್ರಮ’ವೂ ಬರುತ್ತದೆ. ಬಗರ್ ಹುಕುಂ ಸಾಗುವಳಿದಾರರು ಮೊದಲು ನಮೂನೆ 50, ಆಮೇಲೆ 53, ಕೊನೆಗೆ 57 ತುಂಬಿ ತಾಲ್ಲೂಕು ಕಚೇರಿಗೆ ಅಲೆದಿದ್ದಾರೆ. ನಗರದ ಕಟ್ಟಡಗಳ ಯೋಜನೆಯಲ್ಲಂತೂ ತಪ್ಪಿಗೆ ಅಳತೆಯೇ ಇತ್ತು: ವಾಸದ ಮನೆಯಾದರೆ ಶೇ 50ರವರೆಗೆ, ವಾಣಿಜ್ಯ ಕಟ್ಟಡವಾದರೆ ಶೇ 25ರವರೆಗೆ, 2013ರ ಅಕ್ಟೋಬರ್ 19ರೊಳಗೆ ಕಟ್ಟಿರಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ಯೋಜನೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ತಪ್ಪು ಎಷ್ಟು ದೊಡ್ಡದು, ಯಾವಾಗ ಆದದ್ದು ಎಂದು ಕೇಳುವ ಸೌಜನ್ಯವನ್ನಾದರೂ ಅದು ಗೋಡೆಗಳಿಗೆ ತೋರಿಸಿತ್ತು.

ಪೌರತ್ವ ಕೇಳುವ ಮನುಷ್ಯರಿಗೆ ನಮ್ಮ ಕಾನೂನು ಈ ಪ್ರಶ್ನೆ ಹಾಕುವುದಿಲ್ಲ. 1955ರ ಪೌರತ್ವ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸರಿಯಾದ ಕಾಗದಪತ್ರವಿಲ್ಲದೆ ದೇಶದೊಳಗೆ ಬಂದ ವಿದೇಶಿಯರೂ ‘ಅಕ್ರಮ ವಲಸಿಗರು’, ಕಾಗದಪತ್ರದೊಂದಿಗೇ ಬಂದು ಅವಧಿ ಮೀರಿ ಉಳಿದವರೂ ‘ಅಕ್ರಮ ವಲಸಿಗರು’. ನೋಂದಣಿಯ ದಾರಿ ತೋರಿಸುವ 5ನೇ ಸೆಕ್ಷನ್, ದೇಶೀಕರಣದ 6ನೇ ಸೆಕ್ಷನ್ ಎರಡೂ ಅವರಿಗೆ ಮುಚ್ಚಿವೆ.

ಅನುವಾದ ನನ್ನ ಕಸುಬಾದ್ದರಿಂದ ಕಣ್ಣು ಹೋಗುವುದು ಕ್ರಿಯಾಪದಗಳ ಕಡೆಗೆ. ಆ ವ್ಯಾಖ್ಯೆಯ ಒಂದು ಭಾಗ ‘ಪ್ರವೇಶಿಸಿರುವ’ ಎನ್ನುತ್ತದೆ, ಇನ್ನೊಂದು ‘ಉಳಿದಿರುವ’ ಎನ್ನುತ್ತದೆ. ಉಳಿಯುವುದಕ್ಕೆ ಕೊನೆಯುಂಟು. ಹೊರಟುಹೋದರೆ ಮುಗಿಯಿತು. ಪ್ರವೇಶಿಸಿದ್ದು ಮಾತ್ರ ಎಂದೂ ಮುಗಿಯುವುದಿಲ್ಲ. ಒಂದು ರಾತ್ರಿಯ ಕೆಲಸ ಆಯುಷ್ಯದುದ್ದಕ್ಕೂ ಅಂಟಿಕೊಂಡ ಹೆಸರಾಗುತ್ತದೆ.

ಇದು ಅನಿವಾರ್ಯವೇನೂ ಆಗಿರಲಿಲ್ಲ. ಅದೇ ಕಾಯ್ದೆಯ ಮೂರನೇ ಪರಿಚ್ಛೇದದ ಪ್ರಕಾರ, ದೇಶೀಕರಣ ಕೋರುವವರು ಒಳ್ಳೆಯ ನಡತೆಯವರಾಗಿರಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆ ಬಲ್ಲವರಾಗಿರಬೇಕು. (ಕನ್ನಡ ಸಾಕು, ಹಿಂದಿಯೇ ಆಗಬೇಕೆಂದಿಲ್ಲ. ದೆಹಲಿಯಲ್ಲಿ ಕೂತು ಇದನ್ನು ಬರೆಯುವಾಗ ಒಂದು ಸಣ್ಣ ಖುಷಿ.) ನಡತೆ ತೂಗುವ ತಕ್ಕಡಿ ಕಾನೂನಿನ ಒಳಗೇ ಇದೆ ಎಂದಾಯಿತು. ವಲಸೆಯ ತಪ್ಪನ್ನೂ ಅದರಲ್ಲೇ ಇಟ್ಟು, ಎಷ್ಟು ದಿನ, ಯಾಕೆ, ಆಮೇಲೆ ಹೇಗೆ ಬದುಕಿದರು ಎಂದು ನೋಡಬಹುದಿತ್ತು. ಹಾಗೆ ಮಾಡದೆ, ತಕ್ಕಡಿಯ ಹತ್ತಿರ ಬರುವ ಮೊದಲೇ ಬಾಗಿಲು ಹಾಕಿದ್ದೇವೆ.

ದಿನ ಎಣಿಸುವುದು ಸರ್ಕಾರಕ್ಕೆ ಬಾರದ ವಿದ್ಯೆಯಲ್ಲ. 2019ರಲ್ಲಿ ಕೋಲ್ಕತ್ತ ಟೆಸ್ಟ್‌ಗೆ ಬಂದಿದ್ದ ಬಾಂಗ್ಲಾದೇಶದ ಆಟಗಾರರೊಬ್ಬರು ವೀಸಾ ಮುಗಿದ ಮೇಲೂ ಉಳಿದದ್ದಕ್ಕೆ 21,600 ರೂಪಾಯಿ ದಂಡ ಕಟ್ಟಿ ಊರಿಗೆ ಹೋದರು. ದಂಡಕ್ಕೆ ಆಗ 90 ದಿನ, ಎರಡು ವರ್ಷ ಎಂಬ ಮೆಟ್ಟಿಲುಗಳಿದ್ದವು. ಅಮೆರಿಕದ ಕಾನೂನು ಕಠಿಣವೇ. ಆದರೂ 180 ದಿನ ಮೀರಿ ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಮೀರಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ ಎಂದು ಅದು ಲೆಕ್ಕ ಇಡುತ್ತದೆ. ಬ್ರಿಟನ್ ಮಾತ್ರ ಈಗ ನಮ್ಮ ಹಾದಿಗೆ ಹೊರಳಿದೆ. 2025ರ ಫೆಬ್ರವರಿಯಿಂದ, ಅಕ್ರಮವಾಗಿ ಒಳಬಂದವರ ಪೌರತ್ವದ ಅರ್ಜಿಯನ್ನು ಎಷ್ಟೇ ವರ್ಷ ಕಳೆದಿದ್ದರೂ ಸಾಮಾನ್ಯವಾಗಿ ತಿರಸ್ಕರಿಸುವುದು ಅಲ್ಲಿನ ನೀತಿ.

ಹಾಗಾದರೆ ಕದ್ದು ಬಂದವರಿಗೆ ಬಹುಮಾನವೇ ಎಂದು ಕೇಳುವವರಿದ್ದಾರೆ. ಗಡಿ ಕಾಯುವ ಹಕ್ಕು ದೇಶಕ್ಕಿದೆ, ಅದರಲ್ಲಿ ನನಗೆ ತಕರಾರಿಲ್ಲ. ಅಳೆದು ಶಿಕ್ಷಿಸುವುದು ಬಹುಮಾನ ಹೇಗಾಗುತ್ತದೆ ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಇನ್ನು, ನಾವು ಬಾಗಿಲು ತೆರೆದೇ ಇಲ್ಲವೆಂದಲ್ಲ. ನಾನಿರುವ ಪೀತಮ್‌ಪುರಕ್ಕೆ ಹತ್ತಿರದ ಆದರ್ಶ ನಗರದಲ್ಲಿ ಸಿಂಧ್‌ನಿಂದ ಬಂದ ಹಿಂದೂ ಕುಟುಂಬಗಳ ಬಿಡಾರಗಳಿವೆ. 2019ರ ತಿದ್ದುಪಡಿ ಇಂಥವರಿಗಾಗಿ: ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಅಕ್ರಮ ವಲಸಿಗರಲ್ಲ. ಪೌರತ್ವ ಸಿಕ್ಕರೆ ಅದು ಅವರು ಬಂದ ದಿನದಿಂದಲೇ ಜಾರಿ, ಹಳೆಯ ಮೊಕದ್ದಮೆಯೂ ರದ್ದು. 2024ರ ಮೇ 15ರಂದು ದೆಹಲಿಯಲ್ಲಿ 14 ಜನರಿಗೆ ಮೊದಲ ಪ್ರಮಾಣಪತ್ರಗಳು ಸಿಕ್ಕವು. ಅದೇ ವರ್ಷ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ದಶಕಗಳಿಂದ ಬೇರೂರಿರುವ ಬಂಗಾಳಿ ಸಮುದಾಯದ ಕೆಲವರಿಗೂ ಸಿಕ್ಕವು. ಅವರಿಗೆ ಸಿಕ್ಕದ್ದು ನ್ಯಾಯವೇ. ಆದರೆ ಇದೂ ಒಂದು ಅಕ್ರಮ–ಸಕ್ರಮ. ಮನೆ ಎಷ್ಟು ಅಡಿ ಮೀರಿದೆ ಎಂದು ಅಳೆಯದೆ, ಯಜಮಾನನ ಧರ್ಮ ಕೇಳಿ ಮುದ್ರೆ ಒತ್ತಿದ ಹಾಗೆ. ಶ್ರೀಲಂಕಾದಿಂದ ಓಡಿಬಂದು ತಮಿಳುನಾಡಿನ ಶಿಬಿರಗಳಲ್ಲಿ ಮುದುಕರಾದ ತಮಿಳರು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಸಮುದಾಯದವರಿಗೂ, 2024ರ ಡಿಸೆಂಬರ್ ಕೊನೆಯವರೆಗೆ ಬಂದಿದ್ದರೆ ಶಿಕ್ಷೆಯಿಂದ ವಿನಾಯಿತಿ ಎಂದು 2025ರಲ್ಲಿ ಆದೇಶವಾಯಿತು. ಈ ಪೌರತ್ವದ ಗಡಿ 2014ರಲ್ಲೇ ನಿಂತಿದೆ.

ನನಗೆ ಎಲ್ಲಕ್ಕಿಂತ ಚುಚ್ಚುವುದು ಮಕ್ಕಳ ವಿಷಯ. 2004ರ ಡಿಸೆಂಬರ್ 3ರಿಂದೀಚೆಗೆ ಇಲ್ಲಿ ಹುಟ್ಟಿದ ಮಗುವಿನ ತಾಯಿ ಭಾರತೀಯಳೇ ಆಗಿದ್ದರೂ, ಆ ಹೊತ್ತಿಗೆ ತಂದೆ ‘ಅಕ್ರಮ ವಲಸಿಗ’ನಾಗಿದ್ದರೆ ಹುಟ್ಟಿನಿಂದ ಪೌರತ್ವವಿಲ್ಲ. ಸಾಲ ಕೂಡ ತಂದೆಯ ಆಸ್ತಿಯಷ್ಟಕ್ಕೇ ಮಕ್ಕಳಿಗೆ ಬರುತ್ತದೆ. ಈ ತಪ್ಪು ಪೂರ್ತಿಯಾಗಿ ಬರುತ್ತದೆ. ಆ ಮಕ್ಕಳಲ್ಲಿ ಹಿರಿಯರಿಗೆ 2022ರ ಡಿಸೆಂಬರ್‌ನಲ್ಲಿ ಹದಿನೆಂಟು ತುಂಬಿತು. 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಿಸಿದಾಗ ಚುನಾವಣಾ ಆಯೋಗ ಈ ವಯಸ್ಸಿನವರಿಂದ ಅವರದಲ್ಲದೆ ತಂದೆತಾಯಿಯರ ದಾಖಲೆಗಳನ್ನೂ ಕೇಳಿತು. ಇಬ್ಬರಲ್ಲಿ ಒಬ್ಬರು ಭಾರತೀಯರಲ್ಲದಿದ್ದರೆ, ತಾನು ಹುಟ್ಟಿದ ಸಮಯದಲ್ಲಿ ಚಾಲ್ತಿಯಲ್ಲಿದ್ದ ಅವರ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಆ ಹುಡುಗನೋ ಹುಡುಗಿಯೋ ಹುಡುಕಿ ತರಬೇಕು.