ಸಾಧುವಾದ ಕುದುರೆ

“ಇದು ಬಹಳ ಸಾಧುವಾದ ಕುದುರೆ” ಎಂದು ಮಾರುವವನು ಹೇಳಿದರೆ ಕೊಳ್ಳುವವರು ಆ ಮಾತಿಗೆ ಯಾವ ಅರ್ಥವನ್ನು ಮಾಡಬೇಕು? ನಮ್ಮಲ್ಲಿ ಈಗ ಕುದುರೆಯನ್ನು ಕೊಳ್ಳುವವರಾದರೂ ಎಷ್ಟು ಮಂದಿ ಎಂದು ವಾಚಕರು ನಗಬಹುದು. ಆದರೂ ಈ ತಿಂಗಳು ಈ ಒಂದು ಮಾತನ್ನೇ ಹಿಡಿದು ಬರೆಯಬೇಕೆಂದಿರುವೆನು. ಕಾಲಿನಲ್ಲಿ ಶಕ್ತಿಯಿಲ್ಲದವರು, ಸೊಂಟದಲ್ಲಿ ಹಿಡಿತವಿಲ್ಲದವರು, ಕಣ್ಣು ಕಾಣದವರು ಸಹ ಕುದುರೆಯನ್ನೇರಿ ಜಗತ್ತಿನ ಮಹಾಸ್ಪರ್ಧೆಗಳಲ್ಲಿ ಸೇರುತ್ತಿರುವ ಕಾಲವಿದು. ಅಂತಹವರಿಗೆ ಕುದುರೆಯನ್ನಾರಿಸುವಾಗ ‘ಸಾಧು’ ಎಂಬುದನ್ನು ತಪ್ಪಾಗಿ ತಿಳಿದರೆ ಪ್ರಾಣಕ್ಕೇ ಸಂಚಕಾರವು.

ನಮ್ಮ ವಾಡಿಕೆಯಲ್ಲಿ ಸಾಧುಪ್ರಾಣಿಯೆಂದರೆ ಹೊಡೆದರೂ ಬಡಿದರೂ ತೆಪ್ಪಗಿರುವ ಪ್ರಾಣಿ. ಸಂಸ್ಕೃತದಲ್ಲಾದರೋ ಆ ಶಬ್ದದ ಧಾತುವಿಗೆ ಗುರಿಯನ್ನು ಮುಟ್ಟಿಸುವುದು, ನೆರವೇರಿಸುವುದು ಎಂದರ್ಥ. ಅಮರಸಿಂಹನು ಕುದುರೆಗಳ ನಾಮಗಳನ್ನು ಹೇಳುವಾಗ ಒಳ್ಳೆಯ ಕುಲದಲ್ಲಿ ಹುಟ್ಟಿದ್ದಕ್ಕೆ ‘ಆಜಾನೇಯ’ವೆಂದೂ, ಶಿಕ್ಷಣ ಪಡೆದು ಚೆನ್ನಾಗಿ ಹೊರುವುದಕ್ಕೆ ‘ವಿನೀತ’ವೆಂದೂ ‘ಸಾಧುವಾಹಿ’ಯೆಂದೂ ಬೇರೆಬೇರೆ ಹೆಸರುಗಳನ್ನು ಕೊಟ್ಟಿರುವನು. ಕುಲವು ಒಂದು, ವಿನಯವು ಮತ್ತೊಂದು. ಇಲ್ಲಿ ವಿನಯವೆಂದರೆ ತಲೆ ತಗ್ಗಿಸಿ ನಿಲ್ಲುವುದಲ್ಲ, ಶಿಕ್ಷಣ. ಶಾಲೆಯ ಕೊಠಡಿಯಲ್ಲಿ ಬಹುಕಾಲ ಕಳೆದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಮಣೆಯಲ್ಲಿ ಸದ್ದಿಲ್ಲದೆ ಕುಳಿತ ಹುಡುಗನೂ ಪಾಠವನ್ನು ಕೇಳುತ್ತಿರುವ ಹುಡುಗನೂ ದೂರಕ್ಕೆ ಒಂದೇ ಬಗೆಯಾಗಿ ತೋರುವರು, ಪ್ರಶ್ನೆ ಹಾಕಿದಾಗ ಗುಟ್ಟು ತಿಳಿಯುವುದು.

ಯೂರೋಪಿನವರು ಡ್ರೆಸಾಜ್ ಎಂದು ಕರೆಯುವ ಅಶ್ವವಿದ್ಯೆಯ ಹೆಸರಿಗೂ ಫ್ರೆಂಚ್ ಭಾಷೆಯಲ್ಲಿ ಶಿಕ್ಷಣವೆಂದೇ ಅರ್ಥ. ಅರುವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳ. ಅದರ ಅಂಚಿನಲ್ಲಿ ಅಲ್ಲಲ್ಲಿ ಅಕ್ಷರಗಳು. ಸವಾರನು ಕುದುರೆಯನ್ನು ಈ ಅಕ್ಷರದಿಂದ ಆ ಅಕ್ಷರಕ್ಕೆ ನೇರವಾಗಿಯೂ ವರ್ತುಲವಾಗಿಯೂ ಪಕ್ಕಕ್ಕೆ ಹೆಜ್ಜೆಯಿಡಿಸಿಯೂ ನಡೆಸಬೇಕು. ಒಂದೊಂದು ಚಲನೆಗೂ ಹತ್ತರ ಮೇಲೆ ಅಂಕಗಳುಂಟು. ಸವಾರನು ಕೊಟ್ಟ ಅಪ್ಪಣೆಯು ನೋಡುವವರಿಗೆ ಕಾಣದಿದ್ದಷ್ಟೂ ಹೆಚ್ಚಳ. ಆ ಅಪ್ಪಣೆಗಳು ಹೋಗುವುದು ಮೂರು ದಾರಿಗಳಿಂದ: ಲಗಾಮು ಹಿಡಿದ ಕೈ, ಜೀನಿನ ಮೇಲಿನ ಆಸನದ ಭಾರ, ಪಕ್ಕೆಗೆ ತಾಗಿದ ಕಾಲು. ಈ ಮೂರರಲ್ಲಿ ಒಂದು ಇಲ್ಲದಾದರೆ ಹೇಗೆಂಬುದೇ ನಮ್ಮ ಪ್ರಸ್ತಾಪ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ ಇದೇ ಪ್ರಸಂಗವು ಬಂದಿತು. ಹುಟ್ಟಿದ್ದು 1921ರಲ್ಲಿ. 1943 ಮತ್ತು 1944ರಲ್ಲಿ ತನ್ನ ದೇಶದ ಡ್ರೆಸಾಜ್ ಸ್ಪರ್ಧೆಯಲ್ಲಿ ಅಗ್ರಸ್ಥಾನ ಪಡೆದವಳು. 1944ರ ಸೆಪ್ಟೆಂಬರಿನಲ್ಲಿ, ಎರಡನೆಯ ಕೂಸು ಗರ್ಭದಲ್ಲಿದ್ದಾಗ, ಪೋಲಿಯೋ ರೋಗವು ತಾಗಿ ದೇಹವೆಲ್ಲ ಸ್ವಾಧೀನ ತಪ್ಪಿತು. ಕೂಸು ಆರೋಗ್ಯವಾಗಿ ಹುಟ್ಟಿತು. ತಾಯಿಯು ಕೈಯೆತ್ತುವುದರಿಂದ ಮೊದಲ್ಗೊಂಡು ಒಂದೊಂದನ್ನೇ ಮತ್ತೆ ಕಲಿತಳು; ಮೊಣಕಾಲಿನಿಂದ ಕೆಳಕ್ಕೆ ಮಾತ್ರ ಶಕ್ತಿಯು ಮರಳಲೇ ಇಲ್ಲ. ಬೇರೊಬ್ಬರು ಎತ್ತಿ ಕೂಡಿಸದೆ ಕುದುರೆಯನ್ನೇರುವಂತಿರಲಿಲ್ಲ. ಇಂತಿದ್ದೂ 1952ರಲ್ಲಿ ಹೆಲ್ಸಿಂಕಿ ನಗರದ ಒಲಿಂಪಿಕ್ ಪಂದ್ಯಗಳಲ್ಲಿ ಜೂಬಿಲಿ ಎಂಬ ಹೆಣ್ಣುಕುದುರೆಯ ಮೇಲೆ ಕುಳಿತು 541.5 ಅಂಕಗಳನ್ನು ಪಡೆದು ರಜತಪದಕಕ್ಕೆ ಅರ್ಹಳಾದಳು. ಮೂರನೆಯವನಾದ ಫ್ರಾನ್ಸಿನ ಜುಸೋಮ್ ಪಡೆದದ್ದು 541. ಅರ್ಧ ಅಂಕದ ಅಂತರ! ಡ್ರೆಸಾಜಿನಲ್ಲಿ ಸ್ತ್ರೀಯರು ಪುರುಷರಿಗೆ ಎದುರಾಗಿ ನಿಲ್ಲಬಹುದೆಂದು ಒಲಿಂಪಿಕ್ಕಿನಲ್ಲಿ ಮೊದಲು ಒಪ್ಪಿದ್ದೂ ಆ ವರ್ಷವೇ. ಪ್ರಥಮನಾದ ಸ್ವೀಡನ್ನಿನ ಸೇಂಟ್ ಸೀರನು ಆಕೆಗೆ ಕೈಗೊಟ್ಟು ಪದಕದ ವೇದಿಕೆಯನ್ನು ಹತ್ತಿಸಿದನೆಂಬುದು ಪ್ರಸಿದ್ಧವಾಗಿದೆ. 1956ರಲ್ಲಿ ಪಂದ್ಯಗಳು ಆಸ್ಟ್ರೇಲಿಯಾದಲ್ಲಿ ನಡೆದುವಾದರೂ ಹೊರಗಿನ ಪ್ರಾಣಿಗಳಿಗೆ ಅಲ್ಲಿದ್ದ ನಿರ್ಬಂಧದಿಂದ ಕುದುರೆಯ ಭಾಗವು ಸ್ಟಾಕ್‌ಹೋಮಿನಲ್ಲಾಯಿತು. ಅಲ್ಲಿಯೂ ಅದೇ ಜೂಬಿಲಿ, ಅದೇ ರಜತ.

ಈ ಕಥೆಯನ್ನು ಹೇಳುವವರೆಲ್ಲ ಆಕೆಯ ಧೈರ್ಯವನ್ನು ಕೊಂಡಾಡುವರು, ಕೊಂಡಾಡತಕ್ಕದ್ದೇ. ನನಗಾದರೋ ಜೂಬಿಲಿಯ ಕಡೆಗೂ ಮನಸ್ಸು ಹೋಗುವುದು. ಕಾಲಿನ ಮಾತು ನಿಂತುಹೋದ ಮೇಲೆ ಬೆನ್ನಿನ ಮತ್ತು ಭಾರದ ಮಾತನ್ನೇ ಆ ಕುದುರೆಯು ಕೇಳಬೇಕಾಯಿತು. ಮಂದಬುದ್ಧಿಯ ಪ್ರಾಣಿಗೆ ಇದು ಸಾಧ್ಯವಿತ್ತೆ?

ವಿಕಲಾಂಗರಿಗೆ ಕುದುರೆ ಬೇಕೆಂದ ಕೂಡಲೆ ಬಂಧುಗಳು ಮುದಿಯಾದ, ಜಡವಾದ, ಅಲುಗದ ಕುದುರೆಯನ್ನು ಹುಡುಕಹೊರಡುವರು. ಅವರ ಭಯವನ್ನು ನಾನು ಹಳಿಯಲಾರೆನು. ಆದರೆ ಜಡವಾದ ಕುದುರೆಯನ್ನು ಮುಂದಕ್ಕೆ ನೂಕುವುದಕ್ಕೆ ಬಲವಾದ ಕಾಲು ಬೇಕು. ಯಾರಿಗೆ ಆ ಕಾಲಿಲ್ಲವೋ ಅವರಿಗೇ ಅದನ್ನು ತಂದುಕೊಡುವುದು ಎಂತಹ ನ್ಯಾಯ! ಇನ್ನು ಕೆಲವರು, ಹಣವುಳ್ಳವರು, ಅತಿ ಸೂಕ್ಷ್ಮವಾದ ಉತ್ತಮ ತಳಿಯ ಕುದುರೆಯನ್ನು ಕೊಳ್ಳುವರು. ಕುದುರೆಯ ಚರ್ಮವು ಒಂದು ನೊಣ ಕುಳಿತರೂ ಅರಿಯುವಂತಹದು. ನರಗಳ ದೋಷದಿಂದ ಸವಾರನ ಕಾಲು ತಾನಾಗಿ ಬಿಗಿದುಕೊಂಡರೆ ಅತಿ ಸೂಕ್ಷ್ಮವಾದ ಕುದುರೆಯು ಅದನ್ನು ‘ಓಡು’ ಎಂಬ ಅಪ್ಪಣೆಯೆಂದು ತಿಳಿಯುವುದು. ಒಂದು ಪಕ್ಕದಲ್ಲಿ ಬಲವಿಲ್ಲದವನ ಭಾರವು ವಾಲಿದರೆ ‘ಪಕ್ಕಕ್ಕೆ ಸರಿ’ ಎಂದು ತಿಳಿಯುವುದು. ಓಡುವುದಂತೂ ಕುದುರೆಯ ಜಾತಿಗುಣ; ಹೆದರಿದಾಗ ಅದಕ್ಕೆ ತೋಚುವ ಉಪಾಯ ಅದೊಂದೇ. ಆದಕಾರಣ ಬೇಕಾದದ್ದು ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಲಿತುಕೊಳ್ಳಬಲ್ಲ ಕುದುರೆ. ಬೆಚ್ಚಿದರೂ ನಿಂತಲ್ಲಿಯೇ ಬೆಚ್ಚಿ ಮತ್ತೆ ಸಮಾಧಾನಕ್ಕೆ ಬರುವ ಕುದುರೆ. ಅಮರನು ಹೇಳಿದ ವಿನೀತವು ಇದೇ.

ಇಂತಹ ಸ್ವಭಾವವು ಮೊದಲಿನದಾದರೆ ಎರಡನೆಯದು ನಡಿಗೆ. ಅಂಗವೈಕಲ್ಯವಿರುವ ಸವಾರರನ್ನು ಸ್ಪರ್ಧೆಗಳಲ್ಲಿ ಐದು ವರ್ಗಗಳಾಗಿ ವಿಂಗಡಿಸುವರು. ಅತ್ಯಂತ ಅಶಕ್ತರಾದ ಮೊದಲನೆಯ ವರ್ಗದವರು ಬರಿಯ ನಡಿಗೆಯನ್ನು ಮಾತ್ರ ತೋರಿಸಿದರೆ ಸಾಕು. ನಾಲ್ಕನೆಯ ಮತ್ತು ಐದನೆಯವರಿಗೆ ಓಟದ ಗತಿಗಳೂ ಉಂಟು. ಟ್ರಾಟ್ ಎಂಬ ಕುಕ್ಕುಲೋಟದಲ್ಲಿ ನೆಲದಿಂದ ಚಿಮ್ಮುವ ಕುದುರೆಗೆ ಸಂತೆಯಲ್ಲಿ ಬೆಲೆ ಹೆಚ್ಚು. ಸೊಂಟದ ಹಿಡಿತವಿಲ್ಲದವರಿಗೆ ಅದೇ ಚಿಮ್ಮುವಿಕೆಯು ಶತ್ರು. ಅವರಿಗೆ ಬೇಕಾದದ್ದು ಸಮವಾಗಿ, ಉದ್ದವಾಗಿ, ನಾಲ್ಕು ಹೆಜ್ಜೆಗಳೂ ಬೇರೆಬೇರೆಯಾಗಿ ಎಣಿಕೆಗೆ ಸಿಗುವ ನಡಿಗೆ. ಬೆನ್ನಿನ ಅಗಲವನ್ನೂ ನೋಡಬೇಕು. ತೊಡೆಯ ಕೀಲು ಅಗಲಿಸಲಾರದವರನ್ನು ಡೊಳ್ಳಿನಂತಹ ಹೊಟ್ಟೆಯ ಕುದುರೆಯ ಮೇಲೆ ಕೂಡಿಸುವುದು ಹಿಂಸೆಯಲ್ಲದೆ ಬೇರೇನೂ ಅಲ್ಲ.

ಕಾಲಿನ ಬದಲು ಎರಡು ಕೈಗಳಲ್ಲಿಯೂ ಒಂದೊಂದು ಉದ್ದನೆಯ ಕೋಲು, ಬೆರಳು ಮಡಿಸಲಾರದವರ ಲಗಾಮಿಗೆ ಕುಣಿಕೆಗಳು, ರಿಕಾಪಿನಿಂದ ಪಾದ ಜಾರದಂತೆ ರಬ್ಬರಿನ ಪಟ್ಟಿ, ಇವೆಲ್ಲ ಸಲ್ಲುವುವು. ಕೋಲು ಹೊಡೆಯುವುದಕ್ಕಲ್ಲ, ಕಾಲು ತಾಗುವಂತೆ ತಾಗಿಸುವುದಕ್ಕೆ. ಚಾವಟಿಯ ಏಟು ತಿಂದು ಬೆಳೆದ ಕುದುರೆಯಾದರೆ ಇದನ್ನು ಕಂಡೇ ಓಡೀತು. ಒಂದು ಮಾತನ್ನು ಮನೆಯವರು ಎಂದೂ ಮರೆಯಲಾಗದು: ಬೀಳದಿರಲೆಂಬ ಪ್ರೀತಿಯಿಂದ ಸವಾರನನ್ನು ಕುದುರೆಗೆ ಬಿಗಿಯಾಗಿ ಕಟ್ಟಬಾರದು. ಕುದುರೆಯು ಮುಗ್ಗರಿಸಿದಾಗ ಸವಾರನು ಅದರಿಂದ ಕಳಚಿಕೊಂಡು ಬೀಳುವಂತಿರಬೇಕು. ಅದರೊಂದಿಗೆ ಬಿದ್ದರೆ ಉಳಿಗಾಲವಿಲ್ಲ.

ಇಷ್ಟೆಲ್ಲ ಹೊಂದಿಕೆಯು ಎಲ್ಲೋ ನಿಂತಿರುವ ಕುದುರೆಯಲ್ಲಿ ಸಿದ್ಧವಾಗಿ ದೊರೆಯದು. 1996ರಲ್ಲಿ ಅಟ್ಲಾಂಟಾ ನಗರದ ಪ್ಯಾರಾಲಿಂಪಿಕ್ ಪಂದ್ಯಗಳಿಗೆ ಈ ವಿದ್ಯೆಯು ಮೊದಲು ಸೇರಿದಾಗ ಸವಾರರು ಎರವಲು ಕುದುರೆಗಳ ಮೇಲೆಯೇ ಸ್ಪರ್ಧಿಸಿದರು. ಅವರ ಕೆಚ್ಚಿಗೆ ನಮಸ್ಕಾರ. ಆದರೂ ಪರರ ಕುದುರೆಗೆ ತಮ್ಮ ಭಾಷೆಯನ್ನು ಕೆಲವೇ ದಿನಗಳಲ್ಲಿ ಕಲಿಸುವುದೆಂದರೆ ಸಾಮಾನ್ಯವೆ? ಮುಂದೆ 2004ರ ಅಥೆನ್ಸಿನ ಹೊತ್ತಿಗೆ ಅವರವರ ಕುದುರೆಯನ್ನು ಅವರವರೇ ತರುವ ಪದ್ಧತಿಯಾಯಿತು. ಅಂದಿನಿಂದ ಆರಿಸುವ ಹೊಣೆಯೂ ಮನೆಯವರ ಮೇಲೆಯೇ ಬಿದ್ದಿತು.

ಆರಿಸುವಾಗ ಅವಸರವು ಕೂಡದು. ಮೂರು ನಾಲ್ಕು ವರ್ಷದ ಮರಿಯನ್ನು ತಂದು “ಇಬ್ಬರೂ ಜೊತೆಯಾಗಿ ಕಲಿಯಲಿ” ಎನ್ನುವುದು ಕೇಳುವುದಕ್ಕೆ ಇಂಪಾದ ಮಾತು, ಅಪಾಯದ ಕೆಲಸ. ಹತ್ತು ವರ್ಷ ದಾಟಿ, ಅಂಗಳಗಳನ್ನೂ ಜನಸಂದಣಿಯನ್ನೂ ಕಂಡು ದಣಿಯದಿರುವ ಕುದುರೆಯು ಮೇಲು. ಮೊದಲು ಅದರ ಯಜಮಾನನೇ ಏರಿ ತೋರಿಸಲಿ. ಅವನೇ ಹಿಂಜರಿದರೆ ಅಲ್ಲಿಗೆ ಮುಗಿಯಿತು. ಬಳಿಕ ನಿಮ್ಮ ಕಡೆಯ ದೃಢಕಾಯನಾದ ಗುರುವು ಏರಿ, ಕಾಲುಗಳನ್ನು ಇಳಿಬಿಟ್ಟು, ಬೇಕೆಂದೇ ವಾಲಿ, ತಪ್ಪು ತಪ್ಪಾಗಿ ಕುಳಿತು ನೋಡಲಿ. ಗಾಲಿಕುರ್ಚಿಯನ್ನೂ ಊರುಗೋಲನ್ನೂ ಹತ್ತಿರಕ್ಕೆ ತನ್ನಿರಿ. ಕುದುರೆಗೆ ಬಾಲದ ಹಿಂದುಗಡೆ ನೇರವಾಗಿ ಕಣ್ಣು ಕಾಣದಾದ್ದರಿಂದ ಹಿಂದಿನಿಂದ ತರಬೇಡಿರಿ. ಏರುಮಣೆಯ ಪಕ್ಕದಲ್ಲಿ ಇಬ್ಬರು ಎತ್ತಿ ಕೂಡಿಸುವಷ್ಟು ಹೊತ್ತೂ ಅದು ಕಲ್ಲಿನಂತೆ ನಿಲ್ಲುವುದೋ ಇಲ್ಲವೋ ನೋಡಿರಿ. ಎಷ್ಟೋ ಒಳ್ಳೆಯ ಕುದುರೆಗಳು ಈ ಒಂದು ಪರೀಕ್ಷೆಯಲ್ಲಿಯೇ ಸೋಲುವುವು. ಇನ್ನೊಂದು ದಿನ, ಹೇಳದೆ, ಗಾಳಿಯಿರುವ ಹೊತ್ತಿನಲ್ಲಿ ಹೋಗಿರಿ. ಪಶುವೈದ್ಯರು ಬೆನ್ನನ್ನೂ ಕಾಲುಗಳನ್ನೂ ಪರೀಕ್ಷಿಸಲಿ, ಏಕೆಂದರೆ ನೋವಿರುವ ಕುದುರೆಯು ಎಷ್ಟೇ ಒಳ್ಳೆಯದಾದರೂ ಒಂದು ದಿನ ಝಾಡಿಸುವುದು. ರಕ್ತವನ್ನೂ ತೆಗೆಸಿಡಿರಿ. ಮಾರುವ ದಿನ ಮಾತ್ರ ಮದ್ದು ಕುಡಿಸಿ ಸಾಧುವನ್ನಾಗಿ ಮಾಡುವವರು ಎಲ್ಲ ದೇಶಗಳಲ್ಲಿಯೂ ಇರುವರಷ್ಟೆ.

ಕಟ್ಟಕಡೆಗೆ ಏರತಕ್ಕವನು ಅಥವಾ ಏರತಕ್ಕವಳು ಏರಲಿ. ಲಗಾಮಿನ ಹಗ್ಗವನ್ನು ಒಬ್ಬರು ಹಿಡಿದಿರಲಿ. ಹತ್ತು ಹೆಜ್ಜೆ ನಡೆದು ನಿಲ್ಲಲಿ, ಮತ್ತೆ ಹತ್ತು ಹೆಜ್ಜೆ. ಇಳಿದ ಮೇಲೆ ತಂದೆತಾಯಿಗಳೂ ಗುರುಗಳೂ ತಮ್ಮ ಅಭಿಪ್ರಾಯವನ್ನು ಹೇಳುವುದಕ್ಕೆ ಮುಂಚೆ ಕುಳಿತಿದ್ದವರನ್ನು ಕೇಳಬೇಕು: ಅದು ನಿನ್ನ ಮಾತನ್ನು ಕೇಳಿತೆ? ಇಲ್ಲವೆಂದು ಉತ್ತರ ಬಂದರೆ, ಬೆಲೆ ಎಷ್ಟೇ ಇಳಿದಿದ್ದರೂ, ಕುದುರೆಯನ್ನು ಲಾಯದಲ್ಲಿಯೇ ಬಿಟ್ಟು ಬರತಕ್ಕದ್ದು.